ಮೊದಲು ಯಾವ ಬಾಗಿಲು ತಟ್ಟಬೇಕು?

ನಮ್ಮ ಮೊಹಲ್ಲಾದಲ್ಲಿ ಯಾರದಾದರೂ ಮಗು ಎರಡು ವರ್ಷ ದಾಟಿಯೂ ಮಾತಾಡದಿದ್ದರೆ ಒಂದಲ್ಲ ಒಂದು ದಿನ ಆ ಮನೆಯ ಹೆಂಗಸರು ನಮ್ಮ ಮನೆಗೆ ಬರುತ್ತಾರೆ. ಕಾರಣ ನನ್ನ ತಮ್ಮ. ಅವನಿಗೆ ಹುಟ್ಟಿನಿಂದಲೇ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷ. ಈಗ ಹತ್ತು ವರ್ಷ. ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಕೊಂಡು ಎಲ್ಲ ಮಕ್ಕಳ ಜೊತೆ ಐದನೇ ತರಗತಿಯಲ್ಲಿ ಓದುತ್ತಾನೆ, ರಿಮೋಟಿಗಾಗಿ ನನ್ನೊಡನೆ ಜಗಳವಾಡುತ್ತಾನೆ, ಬೈಗುಳ ಶುರುವಾದರೆ ಸಾಧನದ ಸ್ವಿಚ್ ಆಫ್ ಮಾಡಿ ಕೂರುತ್ತಾನೆ. ಬಂದವರಿಗೆ ಅಮ್ಮಿ ಮೊದಲು ಚಹಾ ಕೊಡುತ್ತಾರೆ, ಆಮೇಲೆ ಎಲ್ಲಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು ಎಂದು ಹೇಳುತ್ತಾರೆ. ದಾದಾ ಅವರ ದೃಷ್ಟಿ ಹೋದ ಮೇಲೆ ಕಣ್ಣಿನ ವಿಷಯ ಕೇಳಿಕೊಂಡು ಬರುವವರೂ ಸೇರಿಕೊಂಡಿದ್ದಾರೆ.

ಹೀಗೆ ಬರುವವರಲ್ಲಿ ಹೆಚ್ಚಿನವರು ತಡವಾಗಿ ಬರುತ್ತಾರೆ. ಮೈಸೂರಿನಂಥ ಊರಿನಲ್ಲಿ ನೆರವಿಗೆ ಬರವಿಲ್ಲ. ಸಿಟಿ ಬಸ್ ಹತ್ತಿದರೆ ಅರ್ಧ ಗಂಟೆಯಲ್ಲಿ ಮುಟ್ಟಬಹುದಾದ ಜಾಗಗಳಿಗೆ ದೇಶದ ಬೇರೆ ಬೇರೆ ಮೂಲೆಗಳಿಂದ ಜನ ರೈಲು ಹತ್ತಿ ಬರುತ್ತಾರೆ. ಆದರೆ ಪ್ರತಿಯೊಂದು ನೆರವಿಗೂ ಒಂದು ಗಡುವಿದೆ. ಮಗುವಿನ ಕಿವಿಗೆ ಒಂದು ಗಡುವು, ಮುದುಕರ ಕಣ್ಣಿಗೆ ಇನ್ನೊಂದು, ನಮ್ಮ ಪರೀಕ್ಷೆಗೆ ಮತ್ತೊಂದು. ಯಾವುದು ಎಲ್ಲಿದೆ ಎಂಬುದಷ್ಟೇ ಅಲ್ಲ, ಯಾವುದು ಯಾವಾಗ ಎಂಬುದೂ ಗೊತ್ತಿರಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮಾತು ಬಾರದ ಮಗು

"ಗಂಡುಮಕ್ಕಳು ಸ್ವಲ್ಪ ಲೇಟಾಗೇ ಮಾತಾಡ್ತಾರೆ." ಈ ಮಾತನ್ನು ನನ್ನ ತಮ್ಮನ ವಿಷಯದಲ್ಲಿ ಹೇಳದ ನೆಂಟರೇ ಇಲ್ಲ. ಬಾಗಿಲು ಬಡಿದಾಗ ಅವನು ತಿರುಗಿ ನೋಡುತ್ತಿದ್ದ, ಹಾಗಾಗಿ ಕಿವಿ ಸರಿಯಿದೆ ಎಂದು ಎಲ್ಲರೂ ನಂಬಿದ್ದರು. ಬಾಗಿಲು ಬಡಿದರೆ ನೆಲ ಅದುರುತ್ತದೆ, ಗಾಳಿ ತಳ್ಳುತ್ತದೆ. ಮಗು ತಿರುಗಿದ್ದು ಆ ಅದುರಿಗೆ ಇರಬಹುದು. ಚಪ್ಪಾಳೆ ತಟ್ಟಿ, ತಟ್ಟೆ ಬಡಿದು ಮನೆಯಲ್ಲಿ ಮಾಡುವ ಪರೀಕ್ಷೆಗಳನ್ನು ನಂಬಬಾರದು ಎನ್ನುವುದು ಇದಕ್ಕೇ.

ಇಂಥ ಮಗುವನ್ನು ಕರೆದುಕೊಂಡು ಹೋಗಬೇಕಾದ ಮೊದಲ ಜಾಗ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಆರಂಭವಾದ ಇದು ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿದೆ. ಪತ್ರಿಕೆಗಳಲ್ಲಿ 'ಆಯಿಷ್' ಎಂದು ಬರೆಯುತ್ತಾರೆ, ಕಂಡಕ್ಟರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಎಂದರೆ ಸಾಕು. ಬೆಳಿಗ್ಗೆ ಬೇಗ ಹೋಗಿ ಹೆಸರು ನೋಂದಾಯಿಸಬೇಕು. ಹೋದವರು ಇಡೀ ದಿನ ಅದಕ್ಕೇ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಮಗುವಿನ ಹುಟ್ಟು, ಕಾಯಿಲೆ, ಮನೆತನ ಎಲ್ಲವನ್ನೂ ವಿವರವಾಗಿ ಕೇಳಿ ಬರೆದುಕೊಳ್ಳುತ್ತಾರೆ, ಕಿವಿ-ಮೂಗು-ಗಂಟಲು ವೈದ್ಯರು ನೋಡುತ್ತಾರೆ, ಆಮೇಲೆ ಶಬ್ದ ಒಳಗೆ ಬಾರದ ಕೋಣೆಯಲ್ಲಿ ಪರೀಕ್ಷೆಗಳು.

ಪುಟ್ಟ ಮಕ್ಕಳು 'ಕೇಳಿಸ್ತು' ಎಂದು ಕೈ ಎತ್ತಲಾರರು. ಅವರಿಗಾಗಿಯೇ ಬೇರೆ ಪರೀಕ್ಷೆಗಳಿವೆ. ಒಂದರಲ್ಲಿ ಕಿವಿಯೊಳಗೆ ಸಣ್ಣ ಶಬ್ದ ಬಿಟ್ಟು, ಒಳಕಿವಿ ಹಿಂದಕ್ಕೆ ಕೊಡುವ ಅತಿ ಸೂಕ್ಷ್ಮ ಪ್ರತಿಧ್ವನಿಯನ್ನು ಯಂತ್ರ ಹಿಡಿಯುತ್ತದೆ. ಇದನ್ನು ಓ.ಎ.ಇ. ಎನ್ನುತ್ತಾರೆ. ಹುಟ್ಟಿದ ಮಗುವಿಗೆ ನಿದ್ದೆಯಲ್ಲೇ ಮಾಡಬಹುದು, ಕೆಲವು ನಿಮಿಷ ಸಾಕು. ಇನ್ನೊಂದು ಬೆರಾ. ಇದರಲ್ಲಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದ ಕಿವಿಯಿಂದ ನರದ ಮೂಲಕ ಮೆದುಳಿನ ಕಡೆಗೆ ಹೋಗುವುದನ್ನು ದಾಖಲಿಸುತ್ತಾರೆ. ಎರಡರಲ್ಲೂ ನೋವಿಲ್ಲ, ಸೂಜಿ ಚುಚ್ಚುವುದಿಲ್ಲ.

ಗಡುವಿನ ಲೆಕ್ಕವನ್ನು ತಜ್ಞರು ಒಂದು-ಮೂರು-ಆರು ಎಂದು ಹೇಳುತ್ತಾರೆ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ. ನನ್ನ ತಮ್ಮನಿಗೆ ಗೊತ್ತಾಗಿದ್ದು ಎರಡು ವರ್ಷ ನಾಲ್ಕು ತಿಂಗಳಿಗೆ. ಮಾತು ಕಲಿಯಲು ಮೆದುಳು ಅತಿ ಹಸಿದಿರುವುದು ಮೊದಲ ಮೂರ್ನಾಲ್ಕು ವರ್ಷಗಳಲ್ಲಿ. ಆಗ ಕಿವಿಗೆ ಏನೂ ಬೀಳದಿದ್ದರೆ ಗಂಟಲು, ನಾಲಿಗೆ ಎಲ್ಲ ಸರಿಯಿದ್ದೂ ಮಾತು ಹುಟ್ಟುವುದಿಲ್ಲ. 'ಕಿವುಡ-ಮೂಗ' ಎಂದು ಒಂದೇ ಉಸಿರಿನಲ್ಲಿ ಜೋಡಿಸಿ ಹೇಳುವವರು ಇದನ್ನು ತಿಳಿದರೆ ಒಳ್ಳೆಯದು. ಅವರಲ್ಲಿ ಹೆಚ್ಚಿನವರಿಗೆ ದನಿ ಇದೆ, ಮಾತನ್ನು ಕೇಳಿ ಕಲಿಯುವ ದಾರಿ ಸಿಕ್ಕಿರುವುದಿಲ್ಲ ಅಷ್ಟೇ.

ಮೈಸೂರಿಗೆ ಬರಲಾಗದವರಿಗೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲೂ ಆಯಿಷ್ ಸಂಸ್ಥೆ ಸೇವಾ ಕೇಂದ್ರಗಳನ್ನು ಮಾಡಿದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವೂ ಮಕ್ಕಳ ಕಣ್ಣು, ಕಿವಿ ನೋಡುತ್ತದೆ. ಆ ತಂಡ ಬಂದ ದಿನ ಮಗುವಿಗೆ ರಜೆ ಹಾಕಿಸಬೇಡಿ.

ಮನೆಯಲ್ಲಿ ಯಾವ ಭಾಷೆ?

ಪರೀಕ್ಷೆ ಮುಗಿದು ಸಾಧನ ಹಾಕಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವವರು ಬಹಳ. ಕನ್ನಡಕ ಹಾಕಿದ ಕೂಡಲೇ ಕರಿಹಲಗೆ ಕಾಣುತ್ತದೆ, ಆದರೆ ಶ್ರವಣ ಸಾಧನ ಹಾಗಲ್ಲ. ಅದು ಶಬ್ದವನ್ನು ದೊಡ್ಡದು ಮಾಡುತ್ತದೆ. ಆ ಶಬ್ದಕ್ಕೆ ಅರ್ಥ ಇದೆ ಎಂದು ಮಗುವಿಗೆ ಕಲಿಸಬೇಕಾದವರು ಮನೆಯವರು. ಆಯಿಷ್‌ನ ಪ್ರಿಸ್ಕೂಲ್‌ನಲ್ಲಿ ಮಗುವಿನ ಜೊತೆ ತಾಯಿಯೂ ಕಲಿಯುತ್ತಾಳೆ. ಅಮ್ಮಿ ಎರಡೂವರೆ ವರ್ಷ ಹೀಗೆ ಹೋಗಿ ಕೂತರು. ಎಂಟನೇ ಕ್ಲಾಸಿಗೆ ಓದು ಬಿಟ್ಟಿದ್ದ ಅಮ್ಮಿ ಈಗ ಆಡಿಯೋಗ್ರಾಮ್ ಓದುತ್ತಾರೆ, ನನಗಿಂತ ಚೆನ್ನಾಗಿ.

ಅಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂಬುದು. ನಮ್ಮಲ್ಲಿ ಬಹುತೇಕರ ಮನೆಯಂತೆ ನಮ್ಮದೂ ಒಳಗೆ ದಖ್ಖನಿ, ಹೊಸಿಲು ದಾಟಿದರೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಚೆನ್ನಾಗಿ ಕೇಳಿಸುವ ಮಗು ಮೂರನ್ನೂ ಗಾಳಿಯಿಂದ ಹೀರಿಕೊಳ್ಳುತ್ತದೆ. ಶ್ರವಣದೋಷದ ಮಗುವಿಗೆ ಒಂದೊಂದು ಪದವೂ ನೂರು ಸಲ ಕಿವಿಗೆ ಬೀಳಬೇಕು. ಹಾಗಾಗಿ ಒಂದು ಭಾಷೆಯನ್ನು ಗಟ್ಟಿಯಾಗಿ ಹಿಡಿದು ಶುರು ಮಾಡಿ ಎಂದರು. ಥೆರಪಿ ಕನ್ನಡದಲ್ಲಿ ಸಿಗುತ್ತಿತ್ತು, ಮುಂದೆ ಶಾಲೆಯೂ ಕನ್ನಡವೇ ಎಂದು ಅಬ್ಬಾ ಕನ್ನಡ ಆರಿಸಿದರು. ಅಂದಿನಿಂದ ಮನೆಯ ನಿಯಮ ಬದಲಾಯಿತು. ತರಕಾರಿ ಗಾಡಿಯವರ ಜೊತೆ ಚೌಕಾಸಿ ಮಾಡುವಷ್ಟೇ ಕನ್ನಡ ಬರುತ್ತಿದ್ದ ದಾದಿ ಮೊಮ್ಮಗನಿಗೆ "ಬಾ ಕಂದ, ಅನ್ನ ತಿನ್ನು, ಎಷ್ಟು ತಿಂದೆ?" ಎಂದು ಒಂದೊಂದೇ ವಾಕ್ಯ ಜೋಡಿಸಿ ಕಲಿತರು. ತಮ್ಮನ ಮಾತಿನಲ್ಲಿ ಇವತ್ತಿಗೂ ಸ್ವಲ್ಪ ಗಾಡಿ ವ್ಯಾಪಾರದ ಧಾಟಿ ಇದೆ. ಕನ್ನಡ ನಿಂತ ಮೇಲೆ ಉರ್ದು ತಾನಾಗಿ ಬಂತು. ಈದ್ ದಿನ ನೆಂಟರ ಮಧ್ಯೆ ಕೂತು ಕೂತು ಕಲಿತ.

ಈಗ ಯಾರಾದರೂ ಕೇಳಿದರೆ ಅಮ್ಮಿ "ನಿಮ್ಮ ಬಾಯಿಗೆ ಯಾವುದು ತಾನಾಗಿ ಬರುತ್ತೋ ಅದನ್ನೇ ಹಿಡೀರಿ" ಎನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಹಗಲೆಲ್ಲ ಮಗುವಿನ ಜೊತೆ ಮಾತಾಡಬೇಕಾದವಳು ತಾಯಿ. ಅವಳು ತಡವರಿಸುವ ಭಾಷೆಯಲ್ಲಿ ಎಷ್ಟು ಮಾತಾಡಿಯಾಳು? ಇಲ್ಲಿ ಇನ್ನೊಂದು ಮಾತು. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದವರು ಪಿಯುಸಿ ನಂತರ ಆಡಿಯಾಲಜಿ ಮತ್ತು ವಾಕ್ ಭಾಷಾ ಚಿಕಿತ್ಸೆಯ ಪದವಿ ಓದಬಹುದು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. ಆಯಿಷ್‌ಗೆ ಪ್ರವೇಶ ಪರೀಕ್ಷೆ ಇದೆ. ನೀಟ್ ಆಗದಿದ್ದರೆ ಮುಂದೇನು ಎಂದು ತಲೆ ಮೇಲೆ ಕೈ ಹೊತ್ತು ಕೂರುವವರು ಇದನ್ನೊಮ್ಮೆ ನೋಡಿ. ಉರ್ದುವಿನಲ್ಲಿ ತಾಯಂದಿರ ಜೊತೆ ಮಾತಾಡಬಲ್ಲ ಥೆರಪಿಸ್ಟ್ ಎಷ್ಟು ಬೇಕಾಗಿದ್ದಾರೆ ಎಂಬುದು ಆ ವರಾಂಡದಲ್ಲಿ ಕೂತವರಿಗೇ ಗೊತ್ತು.

'ಮಿಷನ್' ವಿಷಯ

ಸಾಧನವನ್ನು ಅಂಗಡಿಗೆ ಹೋಗಿ ಚಪ್ಪಲಿ ಕೊಂಡಂತೆ ಕೊಳ್ಳಬಾರದು. ನಮ್ಮ ಪರಿಚಯದ ಒಬ್ಬ ಚಾಚಾ ನಗರದ ಒಂದು ಅಂಗಡಿಯಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ಸಾವಿರಾರು ರೂಪಾಯಿ ಕೊಟ್ಟು ತಂದರು. ಎಲ್ಲ ಶಬ್ದವೂ ಒಂದೇ ಸಮ ಜೋರಾಗಿ ಕೇಳಿ ತಲೆ ಸಿಡಿಯಿತು, ಮಿಷನ್ ಬೀರು ಸೇರಿತು. ಯಾರಿಗೆ ಯಾವ ತರಂಗದ ಶಬ್ದ ಎಷ್ಟು ಕೇಳುವುದಿಲ್ಲ ಎಂದು ಅಳೆದು, ಅಷ್ಟಕ್ಕೆ ತಕ್ಕಂತೆ ಸಾಧನವನ್ನು ಹೊಂದಿಸಬೇಕು. ಕಿವಿಯ ಅಚ್ಚು ತೆಗೆದು ಮಾಡುವ ಮೋಲ್ಡ್ ಕೂಡ ಅಷ್ಟೇ ಮುಖ್ಯ. ಅದು ಸಡಿಲವಾದರೆ ಸಾಧನ ಕುಯ್ಯೋ ಎಂದು ಶಿಳ್ಳೆ ಹೊಡೆಯುತ್ತದೆ. ಮಕ್ಕಳ ಕಿವಿ ಬೆಳೆಯುವುದರಿಂದ ಮೋಲ್ಡನ್ನು ಆಗಾಗ ಹೊಸದು ಮಾಡಿಸಬೇಕು.

ಬೆಳಗಿನ ತಿಂಡಿಗೆ ಮುಂಚೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಅಮ್ಮಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಆ, ಈ, ಊ, ಮ್, ಶ್, ಸ್ ಎಂಬ ಆರು ಶಬ್ದಗಳನ್ನು ಹೇಳುತ್ತಾರೆ, ತಮ್ಮ ಒಂದೊಂದನ್ನೂ ತಿರುಗಿ ಹೇಳುತ್ತಾನೆ. ಮಾತಿನ ದಪ್ಪ ಶಬ್ದದಿಂದ ಸಣ್ಣ ಶಬ್ದದವರೆಗೆ ಎಲ್ಲವೂ ಈ ಆರರಲ್ಲಿ ಬರುತ್ತವೆ. 'ಸ್' ತಪ್ಪಿದರೆ ಸಾಧನದಲ್ಲೋ ಕಿವಿಯಲ್ಲೋ ಏನೋ ಆಗಿದೆ ಎಂದು ಅಂದೇ ತಿಳಿಯುತ್ತದೆ. ಇದನ್ನು ರೂಪಿಸಿದವರು ಡೇನಿಯಲ್ ಲಿಂಗ್ ಎಂಬ ತಜ್ಞರು. ಖರ್ಚಿಲ್ಲದ ಪರೀಕ್ಷೆ.

ಆಯಿಷ್‌ನಲ್ಲಿ ಸಾಧನಗಳು ಹೊರಗಿನದಕ್ಕಿಂತ ಕಡಿಮೆ ದರಕ್ಕೆ ಸಿಗುತ್ತವೆ. ಆದಾಯ ಕಡಿಮೆ ಇರುವವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಉಚಿತವಾಗಿಯೇ ಸಿಗಬಹುದು. ಈ ಯೋಜನೆ 1981ರಿಂದ ಇದೆ. ಸಾಧನದಿಂದಲೂ ಪ್ರಯೋಜನವಾಗದಷ್ಟು ತೀವ್ರ ದೋಷವಿರುವ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಖಾಸಗಿಯಾಗಿ ಮಾಡಿಸಿದರೆ ಲಕ್ಷಗಟ್ಟಲೆ ಆಗುತ್ತದೆ. ಅಡಿಪ್ ಯೋಜನೆಯಲ್ಲೂ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲೂ ಇದಕ್ಕೆ ನೆರವಿದೆ. ಆದರೆ ಎರಡೂ ಪುಟ್ಟ ಮಕ್ಕಳಿಗೆ, ಐದಾರು ವರ್ಷದೊಳಗಿನವರಿಗೆ. ಏಳನೇ ವರ್ಷಕ್ಕೆ ಎಚ್ಚೆತ್ತ ಒಂದು ಕುಟುಂಬ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅತ್ತದ್ದನ್ನು ನೋಡಿದ್ದೇನೆ. ಅವರಿಗೆ ಹೇಳಲು ಅಮ್ಮಿಯ ಬಳಿಯೂ ಏನೂ ಇರಲಿಲ್ಲ.

ಸಂಕೇತ ಭಾಷೆಯನ್ನು ಕೀಳಾಗಿ ನೋಡುವ ಮನೆಗಳೂ ಇವೆ. ಅದು ಕೈ ಬಾಯಿ ಸನ್ನೆಯ ಗೊಂಚಲಲ್ಲ, ತನ್ನದೇ ವ್ಯಾಕರಣ ಇರುವ ಪೂರ್ಣ ಭಾಷೆ. ಭಾರತೀಯ ಸಂಕೇತ ಭಾಷೆಯ ಸಂಶೋಧನೆಗೆಂದೇ ದೆಹಲಿಯಲ್ಲಿ 2015ರಲ್ಲಿ ಕೇಂದ್ರ ಆರಂಭವಾಯಿತು. ಹತ್ತು ಸಾವಿರ ಪದಗಳ ವಿಡಿಯೋ ನಿಘಂಟನ್ನೂ ಅದು ತಂದಿದೆ, ಮೊಬೈಲಿನಲ್ಲೇ ನೋಡಬಹುದು. ಸಾಧನ ಫಲಿಸದ ಮಗುವಿಗೆ ಬಾಯಿಮಾತೂ ಇಲ್ಲ, ಸಂಕೇತವೂ ಇಲ್ಲ ಎಂದರೆ ಅದು ಯಾವ ಭಾಷೆಯೂ ಇಲ್ಲದೆ ಬೆಳೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

ಸಂಬಂಧದಲ್ಲಿ ಮದುವೆ

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಅಬ್ಬಾ ಅಮ್ಮಿ ಇಬ್ಬರೂ ಒಂದೇ ಮನೆತನದವರು, ಅಣ್ಣ ತಮ್ಮಂದಿರ ಮಕ್ಕಳು. ಬರೆಯಿರಿ ಎಂದವರು ಅಬ್ಬಾ. ಜೀವಶಾಸ್ತ್ರದಲ್ಲಿ ಮೆಂಡಲ್ ಓದಿದವರಿಗೆ ಲೆಕ್ಕ ಸುಲಭ. ಹುಟ್ಟಿನಿಂದ ಬರುವ ಶ್ರವಣದೋಷದಲ್ಲಿ ದೊಡ್ಡ ಪಾಲು ಅನುವಂಶೀಯ, ಅದರಲ್ಲೂ ಹೆಚ್ಚಿನದು ಅಪ್ರಬಲ ಗುಣ. ತಂದೆ ತಾಯಿ ಇಬ್ಬರೂ ಒಂದೇ ದೋಷಯುಕ್ತ ಜೀನಿನ ಒಂದೊಂದು ಪ್ರತಿ ಹೊತ್ತಿದ್ದರೆ, ಇಬ್ಬರಿಗೂ ಕಿವಿ ಚೆನ್ನಾಗಿದ್ದರೂ, ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಹತ್ತಿರದ ನೆಂಟರಲ್ಲಿ ಒಂದೇ ಜೀನ್ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಇದು ನಮ್ಮವರಿಗಷ್ಟೇ ಸೇರಿದ ಮಾತಲ್ಲ. ಅಕ್ಕನ ಮಗಳನ್ನು, ಸೋದರಮಾವನನ್ನು ಮದುವೆಯಾಗುವ ರೂಢಿ ಹಳೇ ಮೈಸೂರಿನ ಎಷ್ಟೋ ಜಾತಿಗಳಲ್ಲಿ ಇದೆ.

ಹೊರಗಿನವರನ್ನು ಮದುವೆಯಾದರೆ ಖಂಡಿತ ಬರುವುದಿಲ್ಲ ಎಂದೂ ಅಲ್ಲ, ನೆಂಟರಲ್ಲಾದರೆ ಬಂದೇ ಬರುತ್ತದೆ ಎಂದೂ ಅಲ್ಲ. ಮನೆತನದಲ್ಲಿ ಒಬ್ಬರಿಗಾದರೂ ಹುಟ್ಟು ಕಿವುಡು ಇದ್ದರೆ ಹೊಸ ಸಂಬಂಧ ಮಾತಾಡುವ ಮೊದಲು ತಜ್ಞರನ್ನು ಕೇಳುವುದು, ಮಗು ಹುಟ್ಟಿದ ವಾರದಲ್ಲೇ ತಪಾಸಣೆ ಮಾಡಿಸುವುದು, ಇಷ್ಟು ಸಾಧ್ಯ. ತಾಯಿ ಗ್ರಹಣ ನೋಡಿದಳು, ಏನೋ ತಿಂದಳು ಎಂದು ಅವಳ ಮೇಲೆ ಹೊರಿಸುವುದನ್ನಂತೂ ಬಿಡಬೇಕು.

ತಡೆಯಬಹುದಾದ ಶ್ರವಣದೋಷ ಇನ್ನೂ ಹೆಚ್ಚು ಸಿಟ್ಟು ಬರಿಸುತ್ತದೆ. ಕಿವಿ ಸೋರುವುದನ್ನು ನಮ್ಮಲ್ಲಿ ನೆಗಡಿಯಂತೆ ಕಾಣುತ್ತಾರೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ತಮಟೆಯಲ್ಲಿ ತೂತು ಬಿದ್ದಿರುವ ಕಿವಿಗೆ ಎಣ್ಣೆ ಹೋದರೆ ಸೋಂಕು ಒಳಗಿಳಿಯುತ್ತದೆ. ಇದನ್ನು ವೈದ್ಯರು ವಾಸಿ ಮಾಡಬಲ್ಲರು. ಇನ್ನು ಇಯರ್‌ಫೋನ್. 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಮೀರಿ ಕೇಳಬಾರದು, ಅಲ್ಲಿಂದ ಮೇಲೆ ಪ್ರತಿ ಮೂರು ಡೆಸಿಬಲ್‌ಗೆ ಸುರಕ್ಷಿತ ಸಮಯ ಅರ್ಧವಾಗುತ್ತದೆ. ಅಂದರೆ 100 ಡೆಸಿಬಲ್‌ಗೆ ಕಾಲು ಗಂಟೆ. ಮದುವೆ ಮೆರವಣಿಗೆಯ ಡಿಜೆ ಪಕ್ಕ ಎಷ್ಟು ಹೊತ್ತು ಕುಣಿಯುತ್ತೀರಿ ಎಂದು ನೀವೇ ಲೆಕ್ಕ ಹಾಕಿ.

ಪೊರೆ ಬೇರೆ, ಗ್ಲುಕೋಮಾ ಬೇರೆ

ದಾದಾ ದೇವರಾಜ ಮಾರುಕಟ್ಟೆಯಲ್ಲಿ ಎದುರಿಗೆ ಬಂದವರಿಗೆ ಢಿಕ್ಕಿ ಹೊಡೆಯಲು ಶುರು ಮಾಡಿದಾಗ ಎಲ್ಲರೂ ಹೇಳಿದ್ದು ಒಂದೇ: ವಯಸ್ಸಾಯ್ತು, ಪೊರೆ ಬಂದಿರಬೇಕು, ಹಣ್ಣಾಗಲಿ, ಆಮೇಲೆ ತೆಗೆಸಿದರಾಯ್ತು. ಪೊರೆ ಹಣ್ಣಾಗುವವರೆಗೆ ಕಾಯುವುದು ಹಳೆಯ ಕಾಲದ ಮಾತು. ಈಗ ನಿತ್ಯದ ಕೆಲಸಕ್ಕೆ ತೊಂದರೆಯಾದಾಗಲೇ ತೆಗೆಯುತ್ತಾರೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅದಿರಲಿ, ದಾದಾ ಅವರದ್ದು ಪೊರೆಯೇ ಆಗಿರಲಿಲ್ಲ, ಗ್ಲುಕೋಮಾ ಆಗಿತ್ತು.

ಪೊರೆ ಎಂದರೆ ಕಣ್ಣಿನ ಮಸೂರ ಮಂಜಾಗುವುದು. ಮಸೂರ ಬದಲಾಯಿಸಿದರೆ ನೋಟ ಮರಳಿ ಬರುತ್ತದೆ. ಗ್ಲುಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ, ಬಹಳ ಸಲ ಕಣ್ಣೊಳಗಿನ ಒತ್ತಡದಿಂದ. ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಹಾಗಾಗಿ ದಾದಾ ಪೇಪರ್ ಓದುತ್ತಿದ್ದರು, ಆದರೆ ಪಕ್ಕದಿಂದ ಬರುವ ಸೈಕಲ್ ಕಾಣುತ್ತಿರಲಿಲ್ಲ. ಹೋದ ನೋಟ ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳುವುದಿಲ್ಲ. ಔಷಧಿ ಹನಿಗಳಿಂದ ಇದ್ದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ. ಪೊರೆ ಎಂದುಕೊಂಡು ಕಾಯುತ್ತಾ ಕೂತ ಎರಡು ವರ್ಷಗಳಲ್ಲಿ ದಾದಾ ಕಳೆದುಕೊಂಡದ್ದು ಅದನ್ನೇ. ಮನೆಯಲ್ಲಿ ಒಬ್ಬರಿಗೆ ಗ್ಲುಕೋಮಾ ಇದ್ದರೆ ಅವರ ಮಕ್ಕಳು, ಒಡಹುಟ್ಟಿದವರು ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲವನ್ನು ತೋರಿಸಬೇಕು. ಕೆ.ಆರ್. ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಇವೆಲ್ಲ ಆಗುತ್ತವೆ.

ದೃಷ್ಟಿ ಮರಳದವರಿಗೆ ವೈದ್ಯರ ಕೆಲಸ ಮುಗಿದಲ್ಲಿ ಬೇರೆಯವರ ಕೆಲಸ ಶುರುವಾಗುತ್ತದೆ. ತಿಲಕ್‌ನಗರದಲ್ಲಿ ಅಂಧರಿಗೂ ಕಿವುಡರಿಗೂ ಸರ್ಕಾರಿ ಶಾಲೆಗಳಿವೆ. ಅವುಗಳ ಬೇರು 1901ರಷ್ಟು ಹಿಂದಕ್ಕೆ ಹೋಗುತ್ತದೆ. ಕನ್ನಡ ಬ್ರೈಲ್ ಪುಸ್ತಕ ಅಚ್ಚಾಗುವ ಮುದ್ರಣಾಲಯವೂ ಅಲ್ಲಿದೆ. ದೃಷ್ಟಿದೋಷವಿರುವ ಹೆಣ್ಣುಮಕ್ಕಳಿಗೆ 1988ರಿಂದ ನಡೆಯುತ್ತಿರುವ ರಂಗರಾವ್ ಸ್ಮಾರಕ ವಸತಿ ಶಾಲೆ ಇದೆ. ಎಸ್‌ಎಸ್‌ಎಲ್‌ಸಿ ನಂತರ ಡಿಪ್ಲೊಮಾ ಬೇಕೆನ್ನುವವರಿಗೆ ಮಾನಸಗಂಗೋತ್ರಿ ಕಡೆ ವಿಕಲಚೇತನರಿಗಾಗಿಯೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ.

ಬ್ರೈಲ್ ಬಗ್ಗೆ ಒಂದು ಸ್ವಾರಸ್ಯ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮದ ಭಾರತಿ ಬ್ರೈಲ್ ರೂಢಿಗೆ ಬಂತು. ಆರು ಚುಕ್ಕೆಗಳಲ್ಲಿ ಒಂದನೆಯದೂ ಮೂರನೆಯದೂ ಉಬ್ಬಿದ್ದರೆ ಕನ್ನಡದವನಿಗೆ ಅದು 'ಕ', ಉರ್ದುವಿನವನಿಗೆ 'ಕಾಫ್'. ಅಚ್ಚಿನಲ್ಲಿ ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಬ್ರೈಲ್‌ನಲ್ಲಿ ಕನ್ನಡದಂತೆ ಎಡದಿಂದ ಬಲಕ್ಕೆ. ಕೈಯಲ್ಲಿ ಸ್ಲೇಟು ಮೊಳೆ ಹಿಡಿದು ಬರೆಯುವಾಗ ಮಾತ್ರ ಎಲ್ಲರೂ, ಕನ್ನಡದವರೂ, ಬಲದಿಂದ ಎಡಕ್ಕೇ ಚುಚ್ಚಬೇಕು. ಯಾಕೆಂದರೆ ಚುಕ್ಕೆ ಉಬ್ಬುವುದು ಹಾಳೆಯ ಹಿಂಬದಿಗೆ.

ಎಪ್ಪತ್ತು ದಾಟಿದ ದಾದಾ ಬ್ರೈಲ್ ಕಲಿಯಲಿಲ್ಲ, ಬೆರಳು ಒಗ್ಗಲಿಲ್ಲ. ಅವರಿಗೆ ಒದಗಿದ್ದು ಫೋನ್. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಎಂಬುದಿದೆ. ಆನ್ ಮಾಡಿದರೆ ಪರದೆಯ ಮೇಲಿನದ್ದನ್ನೆಲ್ಲ ಓದಿ ಹೇಳುತ್ತದೆ, ಕನ್ನಡವನ್ನೂ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶ ಇದೆ, ಪೂರ್ತಿ ಉಚಿತ. ಓದುವ ಮಕ್ಕಳಿಗೆ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಬೆಂಗಳೂರಿನ ಮಿತ್ರಜ್ಯೋತಿ, ಸಮರ್ಥನಂ ಸಂಸ್ಥೆಗಳು ಧ್ವನಿ ಪುಸ್ತಕ, ಕಂಪ್ಯೂಟರ್ ತರಬೇತಿ, ಉದ್ಯೋಗದ ತರಬೇತಿ ಕೊಡುತ್ತವೆ. ಕಿವಿ ಕೇಳದವರಿಗೆ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪ್ ಎದುರಿನವರ ಮಾತನ್ನು ಅಕ್ಷರ ಮಾಡಿ ತೋರಿಸುತ್ತದೆ.

ಬಿಳಿ ಕೋಲನ್ನು ಮಾತ್ರ ದಾದಾ ಒಂದು ವರ್ಷ ಮುಟ್ಟಲಿಲ್ಲ. "ಕೋಲು ಹಿಡಿದ್ರೆ ಜನ ಕುರುಡ ಅಂತಾರೆ" ಎನ್ನುತ್ತಿದ್ದರು. ಒಂದು ದಿನ ತಾವಾಗಿಯೇ ಕೇಳಿದರು, ಫಜರ್‌ಗೆ ಯಾರನ್ನೂ ಎಬ್ಬಿಸದೆ ಮಸೀದಿಗೆ ಹೋಗಬೇಕೆಂದು. ರಸ್ತೆಯಲ್ಲಿ ಇಂಥವರಿಗೆ ನೆರವಾಗುವವರು ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ.

ಕಾಗದ ಪತ್ರ

ಇಷ್ಟೆಲ್ಲ ಸೌಲಭ್ಯಕ್ಕೆ ಬೀಗದ ಕೈ ಒಂದೇ, ಯುಡಿಐಡಿ ಕಾರ್ಡ್. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ತಜ್ಞರ ಮುಂದೆ ಹಾಜರಾಗಬೇಕು. ಅವರು ಶೇಕಡಾವಾರು ನಿರ್ಧರಿಸುತ್ತಾರೆ. ಬಿಳಿ ಕಾರ್ಡ್ ಎಂದರೆ ಶೇ 40ಕ್ಕಿಂತ ಕಡಿಮೆ, ಹಳದಿ 40ರಿಂದ 80ರವರೆಗೆ, ನೀಲಿ ಅದಕ್ಕೂ ಮೇಲೆ. ಮಾಸಾಶನ, ಬಸ್ ಪಾಸ್, ವಿದ್ಯಾರ್ಥಿವೇತನ, 2016ರ ಕಾಯ್ದೆ ಕೊಡುವ ಮೀಸಲಾತಿ, ಅಂದರೆ ಸರ್ಕಾರಿ ನೌಕರಿಯಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5, ಇವುಗಳಿಗೆಲ್ಲ ಶೇ 40 ಗೆರೆ. ಕಣ್ಣು ಪೂರ್ತಿ ಕಾಣದವರಿಗೆ ಕೆಎಸ್‌ಆರ್‌ಟಿಸಿಯ ಉಚಿತ ಪಾಸ್ ಇದೆ. ಹಳ್ಳಿಯಿಂದ ಬರುವ ಗೆಳೆಯರು ಗಮನಿಸಿ: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ವಿಕಲಚೇತನರೇ, ಅರ್ಜಿ ತುಂಬಿಸುವುದು ಅವರ ಕೆಲಸ. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ.

ನನಗೆ ಈ ಗೆರೆಯ ಮೇಲೆ ತಕರಾರಿದೆ. ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ನಮ್ಮ ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. ಅಂದರೆ 50 ಡೆಸಿಬಲ್ ನಷ್ಟವಿರುವ ಹುಡುಗಿಗೆ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಪಾಠ ಅರ್ಧ ಮಾತ್ರ ತಲುಪುತ್ತದೆ, ಆದರೆ ಅವಳು ಕಾಯ್ದೆಯ ಯಾವ ಗೆರೆಯೊಳಗೂ ಬರುವುದಿಲ್ಲ. ಒಂದು ಕಣ್ಣು ಪೂರ್ತಿ ಹೋದವನಿಗೂ ಸಿಗುವುದು ಶೇ 30. ಇಂಥವರಿಗೆ ಕಾರ್ಡ್ ಕೊಡದ ನೆರವನ್ನು ತರಗತಿಯೇ ಕೊಡಬೇಕು.

ಅಧ್ಯಾಪಕರಿಗೆ ನನ್ನ ವಿನಂತಿ ಹೆಚ್ಚಿನದೇನಲ್ಲ. ಹಲಗೆಯ ಕಡೆ ತಿರುಗಿ ಬರೆಯುತ್ತಾ ಮಾತಾಡಿದರೆ ತುಟಿ ಓದುವವರಿಗೆ ಪಾಠ ಅಲ್ಲಿಗೆ ನಿಲ್ಲುತ್ತದೆ. ಕೊರೋನಾ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿದಾಗ ತಮ್ಮನಿಗೆ ಆದದ್ದು ಇದೇ, ಎದುರಿನವರ ಬಾಯಿ ಕಾಣದೆ ಅವನು ತಿಂಗಳುಗಟ್ಟಲೆ ಮಾತೇ ಕಡಿಮೆ ಮಾಡಿದ್ದ. ಮುಂದಿನ ಬೆಂಚು, ಕಿಟಕಿಯ ಬೆಳಕು, ದಪ್ಪಕ್ಷರದ ನೋಟ್ಸ್, ಇವುಗಳಿಗೆ ಯಾವ ಆದೇಶವೂ ಬೇಕಿಲ್ಲ.

ಪರೀಕ್ಷೆಯ ಸೌಲಭ್ಯಕ್ಕೆ ಮಾತ್ರ ಅರ್ಜಿ ಬೇಕು, ಸಮಯಕ್ಕೆ ಸರಿಯಾಗಿ. ಬರೆಯಲು ತೊಂದರೆ ಇರುವವರಿಗೆ ಬರಹಗಾರರ ನೆರವು ಇದೆ, ಕೇಂದ್ರದ 2018ರ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಶ್ರವಣದೋಷದವರಿಗೆ ಭಾಷಾ ವಿಷಯದಲ್ಲಿ ವಿನಾಯಿತಿ ಕೇಳುವ ಅವಕಾಶವಿದೆ. ಶೇ 40 ಇಲ್ಲದಿದ್ದರೂ ಬರೆಯಲು ನಿಜವಾಗಿ ತೊಂದರೆ ಇದ್ದರೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವೆಲ್ಲಕ್ಕೂ ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೇ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಕಾಲೇಜಿನ ಕಚೇರಿಗೆ ಹೇಳಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಕಷ್ಟ.

ವಿದ್ಯಾರ್ಥಿಯೇ ಬರಹಗಾರರನ್ನು ಕರೆತಂದರೆ ಅವರು ಒಂದು ಮೆಟ್ಟಿಲು ಕಡಿಮೆ ಓದಿದವರಾಗಿರಬೇಕು. ಹಾಗಾಗಿ ದ್ವಿತೀಯ ಪಿಯುಸಿಯವರಿಗೆ ಬರೆದುಕೊಡಲು ಪ್ರಥಮ ಪಿಯುಸಿಯ ನೀವು ಮುಂದೆ ಬರಬೇಕಾಗುತ್ತದೆ. ನಾನು ಹೋದ ವರ್ಷ ಬೇರೆ ಕಾಲೇಜಿನ ಒಬ್ಬ ಅಕ್ಕನಿಗೆ ಇತಿಹಾಸ ಬರೆದುಕೊಟ್ಟೆ. ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಒಮ್ಮೆ ಓದಿ ಹೇಳಬೇಕು, ಅಂಕಗಳನ್ನೂ ಸೇರಿಸಿ. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ಕೇಳಿದಷ್ಟು ಸಲ ಓದಬೇಕು. ಅವರು ಹೇಳಿದ್ದನ್ನಷ್ಟೇ ಬರೆಯಬೇಕು, ತಪ್ಪೆಂದು ಗೊತ್ತಿದ್ದರೂ ಸರಿಪಡಿಸುವಂತಿಲ್ಲ. ಬರೆದ ಉತ್ತರವನ್ನು ಕೊನೆಗೆ ಓದಿ ಕೇಳಿಸಲು ಹತ್ತು ನಿಮಿಷ ಉಳಿಸಿಕೊಳ್ಳಿ. ಅಕ್ಷರ ದುಂಡಗೆ ಇರಲಿ, ಪೆನ್ನು ಎರಡು ಒಯ್ಯಿರಿ. ಪರೀಕ್ಷೆಗೆ ಎರಡು ದಿನ ಮುಂಚೆ ಇಬ್ಬರೂ ಕೂತು ಹಳೆಯ ಪತ್ರಿಕೆಯೊಂದನ್ನು ಬರೆದು ನೋಡಿ, ಅವರು ಎಷ್ಟು ವೇಗವಾಗಿ ಹೇಳುತ್ತಾರೆ, ನಿಮ್ಮ ಕೈ ಎಷ್ಟು ಓಡುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ.